ಮಹಲೂಲ್ ಎಂಬ ಉಪ್ಪುನೀರು

ನಿನ್ನೆ ಮೊಮ್ಮಗಳು ವಿಜ್ಞಾನದ ಪಾಠವನ್ನು ಜೋರಾಗಿ ಓದುತ್ತಿದ್ದಳು. ‘ದ್ರಾವಣ’ ಎಂಬ ಮಾತು ಕಿವಿಗೆ ಬಿದ್ದೊಡನೆ ನನಗೆ ಶಾಲೆಯ ಒಂದು ದಿನ ನೆನಪಾಯಿತು.

ನಿಜಾಮರ ಸೀಮೆಯ ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸುರಪುರದ ನಮ್ಮ ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು. ಶರಣಪ್ಪ ಮಾಸ್ತರರ ಮನೆಮಾತು ಕನ್ನಡವೇ, ಆದರೆ ವಿಜ್ಞಾನ ಕಲಿತದ್ದು ಉರ್ದುವಿನಲ್ಲಿ. ನೀರಿನಲ್ಲಿ ಉಪ್ಪು ಕರಗಿದರೆ ಅದು ಅವರಿಗೆ ‘ಮಹಲೂಲ್’, ನಮಗೂ ಅದೇ. ಕನ್ನಡ ಬಾರದ ಮಾಸ್ತರರ ನೌಕರಿ ಹೋಗುತ್ತದೆಂಬ ಸುದ್ದಿ ಹಬ್ಬಿದ್ದಾಗಲೇ ಶಾಲಾ ಇನ್‌ಸ್ಪೆಕ್ಟರ್ ಬಂದರು.

“ದ್ರಾವಣ ಎಂದರೇನಮ್ಮಾ?” ಎಂದು ಮುಂದಿನ ಸಾಲಿನ ನಿಂಗಮ್ಮನನ್ನು ಕೇಳಿದರು.

ಮಾಸ್ತರರ ಕೈಯಲ್ಲಿ ಆಗಷ್ಟೇ ಉಪ್ಪು ಕರಗಿಸಿದ ನೀರಿನ ಲೋಟವಿತ್ತು.

“ರಾವಣನ ತಮ್ಮ ಏನ್ರಿ?” ಎಂದಳು ಅವಳು. ಯಾರೂ ನಗಲಿಲ್ಲ.

ಮಾಸ್ತರರು ಮೆಲ್ಲಗೆ ಕೇಳಿದರು: “ನಿಂಗವ್ವಾ, ಇದರಾಗ ಹಾಕಿದ ಉಪ್ಪು ಎಲ್ಲಿ ಹೋಯ್ತವ್ವಾ?”

“ಎಲ್ಲೀ ಹೋಗಿಲ್ರಿ, ಕರಗ್ಯದ. ಮ್ಯಾಲಿಂದು ಕುಡಿದ್ರೂ ತಳದಾಗಿಂದು ಕುಡಿದ್ರೂ ಅಷ್ಟ ಉಪ್ಪು.”

“ಹುಡುಗಿಗೆ ಗೊತ್ತಿದೆ. ಮಾಸ್ತರರಿಗೇ ಕನ್ನಡ ಬರುವುದಿಲ್ಲ” ಎಂದರು ಇನ್‌ಸ್ಪೆಕ್ಟರ್.

ಆ ಮಾತಿಗೆ ಇವತ್ತಿಗೂ ನನ್ನ ರಕ್ತ ಕುದಿಯುತ್ತದೆ. ಮಾಸ್ತರರು ನಮ್ಮನ್ನು ಬೈದದ್ದು, ರಮಿಸಿದ್ದು ಯಾವ ಭಾಷೆಯಲ್ಲಿ? ಅವರು ಮಾತ್ರ ಆ ಲೋಟವನ್ನೇ ಎತ್ತಿ ಗಟಗಟ ಕುಡಿದುಬಿಟ್ಟರು. ಮುಖ ಕಿವುಚಲಿಲ್ಲ.

ಕೆಲವು ದಿನಗಳಲ್ಲೇ ಅವರ ಕುರ್ಚಿಗೆ ಹೊಸಬರು ಬಂದರು. ದ್ರಾವಣದ ವ್ಯಾಖ್ಯೆಯನ್ನು ಶುದ್ಧ ಕನ್ನಡದಲ್ಲಿ ಬರೆಸಿದರು. ಲೋಟ, ನೀರು ಯಾವುದನ್ನೂ ತರಲಿಲ್ಲ.

“ಅಜ್ಜಾ, ನಿನಗ ಇದು ಬರತದೇನು?” ಎಂದು ಮೊಮ್ಮಗಳು ಪುಸ್ತಕ ಮುಚ್ಚಿ ಕೇಳಿದಳು.

“ಬರತದವ್ವಾ” ಎಂದೆ. ಅನ್ನುವ ಮೊದಲು ಇನ್‌ಸ್ಪೆಕ್ಟರ್ ಬಂದು ನಿಂತಿದ್ದಾರೇನೋ ಎಂದು ಬಾಗಿಲ ಕಡೆ ನೋಡಿದೆ.