ಮಾರ್ಥಕ್ಕೋರು ಒಬ್ಬರೇ ಕೂತ ಬೆಂಚು

ಹುನಗುಂದದ ನಮ್ಮ ಸಣ್ಣ ಚರ್ಚಿನಲ್ಲಿ ಪಾದ್ರಿಗಳು ಕೇಳಿದ ಪ್ರಶ್ನೆಗೆ ಎದ್ದು ಉತ್ತರ ಕೊಡುತ್ತಿದ್ದವರು ಮಾರ್ಥಕ್ಕೋರು ಒಬ್ಬರೇ. ಪ್ರಸಂಗದ ನಡುವೆ ಬರುವ ಪ್ರಶ್ನೆ ಉತ್ತರಕ್ಕಾಗಿ ಅಲ್ಲ ಎಂದು ಉಳಿದವರಿಗೆಲ್ಲ ಗೊತ್ತಿತ್ತು. ಒಮ್ಮೆ ಪಾದ್ರಿಗಳು ದನಿ ಏರಿಸಿ, “ರೋಗಿಗಳನ್ನು ನಾವು ಮರೆತಿದ್ದೇವೆಯೇ?” ಎಂದರು. ಅಕ್ಕೋರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದರು.

“ಹೂನ್ರಿ, ಮರತೇವಿ. ಹಿಂದಿನ ಓಣಿ ಶಾಂತವ್ವ ಹಾಸಿಗಿ ಹಿಡದು ಭಾಳ ದಿನ ಆತು. ನೀವೂ ಹೋಗಿಲ್ಲ, ನಾನೂ ಹೋಗಿಲ್ಲ. ಪ್ರಾರ್ಥನಿ ಮುಗದ ಮ್ಯಾಲೆ ಹೋಗೂಣು.”

ಪಾದ್ರಿಗಳು ನಿಲುವಂಗಿ ಕಳಚಿ ಅವರ ಹಿಂದೆ ಹೋಗಬೇಕಾಯಿತು.

ಮಾರ್ಥಕ್ಕೋರು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಹಾಗಾಗಿ ಊರಿಗೆಲ್ಲ ಅಕ್ಕೋರು. ದಪ್ಪ ಕನ್ನಡಕ, ಇಳಕಲ್ ಸೀರೆ, ಮಳೆ ಇರಲಿ ಬಿಡಲಿ ಕೈಯಲ್ಲೊಂದು ಛತ್ರಿ. ಭಾನುವಾರ ನಮ್ಮನ್ನು ಕೂರಿಸಿಕೊಂಡು ಬೈಬಲಿನ ಕಾವಲುಗಾರನ ಮಾತನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. “ವೈರಿ ಕತ್ತಿ ಹಿಡದು ಬರೂದು ಕಂಡ್ರೂ ಅಂವಾ ಕೊಂಬು ಊದಲಿಲ್ಲ ಅಂತ ತಿಳಕೋರಿ. ಸತ್ತಾಂವನ ರಕ್ತಾ ದೇವ್ರು ಯಾರನ್ನ ಕೇಳ್ತಾನ? ಕಾವಲಿಗೆ ನಿಂತಾಂವನ್ನ! ಕಣ್ಣು ಕೊಟ್ಟಿದ್ದು ಬರೇ ನೋಡಾಕಲ್ಲ.”

ಎಪ್ಪತ್ತರ ದಶಕದ ಕೊನೆಗೆ ಬಾಗಲಕೋಟೆಯ ಹುಡುಗನೊಬ್ಬನ ಜೊತೆ ನನ್ನ ಮದುವೆ ಗೊತ್ತಾಯಿತು. ನಮ್ಮ ಚರ್ಚಿನ ಸಭೆಯ ಹಿರಿಯರಾದ ಯೋಸೇಫಪ್ಪನವರೇ ಮುಂದೆ ನಿಂತು ಕೂಡಿಸಿದ ಸಂಬಂಧ. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಓದುತ್ತಾರೆ. ಈ ಮದುವೆಗೆ ಅಡ್ಡಿ ಇದೆಯೆಂದು ಯಾರಿಗಾದರೂ ಗೊತ್ತಿದ್ದರೆ ಈಗಲೇ ತಿಳಿಸಿ ಎಂದು ಕೇಳುತ್ತಾರೆ. ಅದು ವಾಡಿಕೆ. ಯಾರೂ ಬಾಯಿ ಬಿಡುವುದಿಲ್ಲ. ಮೂರನೆಯ ಭಾನುವಾರ ಅಕ್ಕೋರು ಸೆರಗು ಸಿಕ್ಕಿಸಿ ಎದ್ದರು.

“ಅಡ್ಡಿ ಐತ್ರಿ,” ಎಂದರು. “ಹುಡುಗಗ ಮೊದಲ ಲಗ್ನ ಆಗೇತಿ. ಹೇಣ್ತಿ ಬಾದಾಮ್ಯಾಗ ತವರಮನ್ಯಾಗ ಅದಾಳ. ಸೋಡಚೀಟಿ ಆಗಿಲ್ಲ, ಲಗ್ನ ಮುರದಿಲ್ಲ.”

ಯೋಸೇಫಪ್ಪನವರು ಎದ್ದು, “ಅಕ್ಕೋರ, ಹೊರಗ ಬರ್ರಿ, ಮಾತಾಡೂಣು,” ಎಂದರು.

“ಒಳಗ ಕೇಳ್ಯಾರ, ಒಳಗ ಹೇಳ್ತೇನಿ.”

ಮದುವೆ ಅಲ್ಲಿಗೇ ನಿಂತಿತು. ಓಣಿಯಲ್ಲಿ ಮುಖ ಎತ್ತಿ ನಡೆಯುವುದು ನನಗೆ ಕಷ್ಟವಾಯಿತು. ಸಿಟ್ಟು ತಡೆಯಲಾಗದೆ ಅವರ ಮನೆಗೆ ಹೋಗಿ, “ನಮ್ಮ ಮನಿಗೆ ಬಂದು ಹೇಳಬಾರದಿತ್ತೇನ್ರಿ? ಮಂದ್ಯಾಗ ಯಾಕ?” ಎಂದು ಕೂಗಾಡಿದೆ.

“ಬಂದಿದ್ನಲ್ಲವ್ವಾ. ನಿಮ್ಮಪ್ಪ ಚಾ ಕುಡಿಸಿ ಕಳಿಸಿದ್ರು. ಆಮ್ಯಾಲೆ ಇನ್ನಿಬ್ಬರನ್ನ ಕರಕೊಂಡು ಯೋಸೇಫಪ್ಪನ ಕಡೆ ಹೋದ್ನಿ. ಅಂವಗ ಮೊದಲ ಗೊತ್ತಿತ್ತು. ಮೊದಲು ಒಬ್ಬರ ಹೋಗಿ ಹೇಳ್ರಿ, ಕೇಳ್ಲಿಲ್ಲಂದ್ರ ಇನ್ನೊಬ್ಬಿಬ್ಬರನ್ನ ಕರಕೊಂಡು ಹೋಗ್ರಿ, ಆಗೂ ಕೇಳ್ಲಿಲ್ಲಂದ್ರ ಸಭಾಕ್ಕ ಹೇಳ್ರಿ ಅಂತ ಬೈಬಲಿನ್ಯಾಗ ಸ್ವಾಮಿನ ಹೇಳ್ಯಾನ. ಇನ್ನ ಯಾರಿಗೆ ಹೇಳ್ಲಿ?”

ಅಪ್ಪನಿಗೆ ಗೊತ್ತಿತ್ತು. ಹಿರಿಯರಿಗೆ ಗೊತ್ತಿತ್ತು. ವಿಚಾರಿಸುತ್ತ ಹೋದರೆ ಅರ್ಧ ಸಭೆಗೆ ಗೊತ್ತಿತ್ತು. ಇದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಮುಚ್ಚಿಟ್ಟವರ ಗೌರವ ಒಂದಿಷ್ಟೂ ಕಡಿಮೆಯಾಗಲಿಲ್ಲ. ಹೇಳಿದವರ ಪಕ್ಕದಲ್ಲಿ ಮಾತ್ರ ಹೆಂಗಸರು ಕೂಡುವುದನ್ನೇ ಬಿಟ್ಟರು. ಅಕ್ಕೋರು ಖಾಲಿ ಬೆಂಚಿನ ಮೇಲೆ ಛತ್ರಿ ಅಡ್ಡ ಇಟ್ಟು, “ಜಾಗಾ ಹಿಡದೇನಿ, ಯಾರರ ಬಂದಾರು,” ಎನ್ನುತ್ತಿದ್ದರು. ನೌಕರಿ ಸಿಕ್ಕು ಬಾಗಲಕೋಟೆಗೆ ಹೋಗುವವರೆಗೂ ಆ ಛತ್ರಿ ಸರಿಸಿ ಕೂಡುತ್ತಿದ್ದವಳು ನಾನೊಬ್ಬಳೇ. ಅಪ್ಪ ಅದಕ್ಕೂ ಗೊಣಗುತ್ತಿದ್ದರು.

ಕೊನೆಯ ಸಲ ಕಂಡಾಗ ಅಕ್ಕೋರು ಅಂಗಳದಲ್ಲಿ ಕಾಲು ಚಾಚಿ ಕುಳಿತಿದ್ದರು. ಸಭೆಯ ಸುದ್ದಿ ಕೇಳಿದೆ. “ಇನ್ನೂ ಎಲ್ಲಾರೂ ಕುಂತ ಅದಾರ,” ಎಂದು ನಕ್ಕರು. ಆಮೇಲೆ ಮೊಣಕಾಲು ಒತ್ತಿಕೊಳ್ಳುತ್ತ, “ನಾ ಒಬ್ಬಾಕಿ ಎಷ್ಟ ದಿನ ಏಳ್ಲಿ ಹೇಳವ್ವಾ? ಕಾಲು ಸೋತಾವ,” ಎಂದರು.

ಅವರು ತೀರಿಕೊಂಡ ದಿನ ಚರ್ಚು ತುಂಬಿತ್ತು. ಅವರ ಬೆಂಚು ಕೂಡ. ಯೋಸೇಫಪ್ಪನವರು ಶವಪೆಟ್ಟಿಗೆಯ ಪಕ್ಕ ನಿಂತು ಕಣ್ಣೊರೆಸಿಕೊಂಡು, “ಮಾರ್ಥಮ್ಮನವರು ಸತ್ಯಕ್ಕೆ ಎಂದೂ ಹಿಂಜರಿಯದ ಸಹೋದರಿ. ಈ ಸಭೆ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿತು,” ಎಂದರು. ಎಲ್ಲರೂ “ಆಮೆನ್” ಎಂದರು. ಅವರ ಪಕ್ಕ ಕೂಡುವುದನ್ನು ಬಿಟ್ಟಿದ್ದ ಹೆಂಗಸರೂ ಎಂದರು.

“ಇನ್ನು ಯಾರಾದರೂ ಮಾತನಾಡುವವರಿದ್ದೀರಾ?” ಎಂದು ಪಾದ್ರಿಗಳು ಕೇಳಿದರು. ನಾನು ಸೆರಗು ಸಿಕ್ಕಿಸಿ ಎದ್ದೆ. ಅವರು ಯಾರಿಗೂ ಕಾಯದೆ ಹಾಡಿನ ನಂಬರು ಹೇಳಿಬಿಟ್ಟರು. ಇಡೀ ಸಭೆ ಎದ್ದು ನಿಂತಿತು. ನಾನು ಎದ್ದದ್ದು ಯಾರಿಗೂ ಕಾಣಲೇ ಇಲ್ಲ.

ಹಾಡು ಮುಗಿಯಿತು. ಎಲ್ಲರೂ ಕೂತರು. ನಾನು ಕೂಡಲಿಲ್ಲ.

ಪಾದ್ರಿಗಳು ಕನ್ನಡಕದ ಮೇಲಿನಿಂದ ನೋಡಿ, “ಏನವ್ವಾ?” ಎಂದರು.

“ಅಡ್ಡಿ ಐತ್ರಿ,” ಎಂದೆ.