ಬೆಳ್ಳಕ್ಕಿ ಮರ ಸುಟ್ಟ ಬೆಲ್ಲ

ಒಬ್ಬ ಮನುಷ್ಯನಿಗೆ ನನ್ನ ಕೈಯಾರೆ ಶಾಲು ಹೊದಿಸಿ, ಎರಡೂವರೆ ತಿಂಗಳೊಳಗೆ ಊರ ಮುಂದೆ ಅವನ ಮಾನ ಕಳೆದೆ. ಶಾಲು ಹೊದಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಮಾನ ಕಳೆದದ್ದಕ್ಕೆ ಆಗುವುದಿಲ್ಲ. ನನ್ನ ಸ್ವಭಾವವೇ ಹಾಗೆ. ಸಿಟ್ಟು ಬಂದಾಗ ಕೂಗಾಡುವವಳಲ್ಲ, ಸುಮ್ಮನಿದ್ದುಬಿಡುತ್ತೇನೆ. ಆದರೆ ತಿರುಗಿ ಕೊಡುವ ತನಕ ಮರೆಯುವವಳೂ ಅಲ್ಲ.

ತೊಂಬತ್ತರ ದಶಕದ ಮಾತು. ಆಗ ನಾನು ಮೈಸೂರಿನ ಒಂದು ಪರಿಸರ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲೂಕಿನ ಹಳ್ಳಿ ಶಾಲೆಗಳಲ್ಲಿ ಪರಿಸರ ಸಂಘ ಕಟ್ಟುವುದು, ಮಕ್ಕಳನ್ನು ಕೆರೆ, ತೋಪು, ನಾಲೆ ಏರಿಯ ಮೇಲೆ ಕರೆದುಕೊಂಡು ಹೋಗಿ ಗಿಡ ಹಕ್ಕಿ ತೋರಿಸುವುದು, ಊರವರನ್ನು ಕೂಡಿಸಿ ಮಾತಾಡುವುದು, ಎಲ್ಲ ನನ್ನ ತಲೆಯ ಮೇಲೆ. ಮನೆ ಪಟ್ಟಣದಲ್ಲಿ, ಅಂದರೆ ಶ್ರೀರಂಗಪಟ್ಟಣದ ಕೋಟೆಯೊಳಗೆ. ಬೆಳಿಗ್ಗೆ ಹಕ್ಕಿಗಳ ಚಿತ್ರಪಟ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಸ್ಲೈಡ್ ತೋರಿಸುವ ಯಂತ್ರವನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ. ಕರೆಂಟಿದ್ದರೆ ಸ್ಲೈಡು, ಇಲ್ಲದಿದ್ದರೆ ನನ್ನ ಬಾಯಿ. ಬಹಳ ದಿನ ನನ್ನ ಬಾಯಿಯೇ ಗತಿಯಾಗುತ್ತಿತ್ತು.

ಪಾಂಡವಪುರದ ಕಡೆಯ ಒಂದು ಊರು. ಹೆಸರು ಬೇಡ. ಅಲ್ಲಿಯ ಕೆರೆ ಏರಿಯ ಮೇಲೆ ಮೂರು ದೊಡ್ಡ ಹುಣಸೆ ಮರಗಳಿದ್ದವು. ಮುಂಗಾರು ಬಿದ್ದರೆ ಸಾಕು, ಬೆಳ್ಳಕ್ಕಿಗಳು ಬಂದು ಗೂಡು ಕಟ್ಟುತ್ತಿದ್ದವು. ಶಾಲೆಯ ಮಕ್ಕಳು ಎರಡು ವರ್ಷದಿಂದ ಪ್ರತಿ ಶನಿವಾರ ಗೂಡು ಎಣಿಸಿ, ಮರಿ ಎಷ್ಟು, ಬಿದ್ದದ್ದೆಷ್ಟು, ಹಾರಿದ್ದೆಷ್ಟು ಎಂದು ನೋಟುಪುಸ್ತಕದಲ್ಲಿ ಬರೆಯುತ್ತಿದ್ದರು. ನಾಲ್ಕು ತಾಲೂಕಿನಲ್ಲಿ ನಾನು ಮಾಡಿದ ಕೆಲಸದಲ್ಲಿ ಇದೊಂದು ನಿಜವಾದ ಕೆಲಸ ಎಂದು ನನಗೆ ಹೆಮ್ಮೆ ಇತ್ತು. ಉಳಿದದ್ದರಲ್ಲಿ ಅರ್ಧಕ್ಕರ್ಧ ವರದಿ ಬರೆಯುವುದಕ್ಕಾಗಿ ಮಾಡಿದ್ದು.

ಇದರ ಬೆನ್ನೆಲುಬು ನಾನಲ್ಲ, ಅಲ್ಲಿಯ ಮೇಷ್ಟ್ರು. ಪಕ್ಕದ ಊರಿನವರು, ಸೈಕಲ್ಲಿನಲ್ಲಿ ಬರುತ್ತಿದ್ದರು. ಅವರ ಹೆಂಡತಿ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಮಕ್ಕಳಿಲ್ಲ. ಮೇಷ್ಟ್ರು ಮಧ್ಯಾಹ್ನದ ಬಿಡುವಿನಲ್ಲಿ ಸೈಕಲ್ಲು ತುಳಿದುಕೊಂಡು ಮನೆಗೆ ಹೋಗಿ, ಹೆಂಡತಿಗೆ ಉಣ್ಣಿಸಿ, ಮಗ್ಗುಲು ಬದಲಿಸಿ, ಬೆಲ್ಲು ಹೊಡೆಯುವುದರೊಳಗೆ ವಾಪಸು ಬರುತ್ತಿದ್ದರು. ಆ ಊರಿನಲ್ಲಿ ಆ ಕೆಲಸ ಇದ್ದುದರಿಂದ ಅವರ ಸಂಸಾರ ನಡೆಯುತ್ತಿತ್ತು. ಇದು ಊರಿಗೆಲ್ಲ ಗೊತ್ತಿತ್ತು. ನನಗೂ ಚೆನ್ನಾಗಿ ಗೊತ್ತಿತ್ತು.

ಶಾಲು ಹೊದಿಸಿಕೊಂಡವನು ಆ ಊರಿನ ಆಲೆಮನೆ ಯಜಮಾನ. ಕಬ್ಬು ಅರೆದು ಬೆಲ್ಲ ಕಾಯಿಸುವ ಎರಡು ಆಲೆಮನೆ, ಟ್ರಾಕ್ಟರು, ತಾಲೂಕು ಆಫೀಸಿನಲ್ಲಿ ಕುರ್ಚಿ ಎಳೆದು ಕೂರಿಸುವಷ್ಟು ವರ್ಚಸ್ಸು. ಊರಿನ ದೊಡ್ಡವರನ್ನು ಮುಂದಿಟ್ಟುಕೊಂಡರೆ ಕೆಲಸ ಸಲೀಸು ಎಂದು ನಮ್ಮ ಸಂಸ್ಥೆಯ ಕಾರ್ಯದರ್ಶಿಗಳು ಸದಾ ಹೇಳುತ್ತಿದ್ದರು. ಸರಿ, ಜೂನ್ ಐದರ ಪರಿಸರ ದಿನಕ್ಕೆ ಯಜಮಾನನೇ ಮುಖ್ಯ ಅತಿಥಿ. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. 'ಪರಿಸರ ಪ್ರೇಮಿ' ಎಂದು ನಾನೇ ಕೂತು ಬಿನ್ನವತ್ತಳೆ ಬರೆದು ನಾನೇ ಗಟ್ಟಿಯಾಗಿ ಓದಿದೆ. ಅವನು ಒಂದು ಹೊಂಗೆ ಸಸಿ ನೆಟ್ಟು, ಫೋಟೋ ಆಗುವ ತನಕ ಮಣ್ಣು ಹಿಡಿದುಕೊಂಡೇ ನಿಂತಿದ್ದ.

ಆ ವರ್ಷ ಮಳೆ ಜೋರಾಗಿತ್ತು. ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆಯೇ ಉರುವಲು. ಮಳೆಗೆ ಸಿಪ್ಪೆ ಒಣಗಲಿಲ್ಲ. ಜುಲೈ ಕೊನೆಯ ಶನಿವಾರ ನಾನು ಹೋಗುವ ಹೊತ್ತಿಗೆ ಏರಿಯ ಮೇಲೆ ಮೂರು ಮೋಟು ಇದ್ದವು. ಯಜಮಾನ ಒಣಮರ ಎಂದು ಅದೇನೋ ಕಾಗದ ಮಾಡಿಸಿ ಎರಡು ದಿನದಲ್ಲಿ ಕಡಿಸಿ ಸಾಗಿಸಿದ್ದ. ಎಲೆ ಇನ್ನೂ ಹಸಿರಾಗಿತ್ತು. ರೆಕ್ಕೆ ಬಲಿಯದ ಮರಿಗಳು ಕೆಸರಿನಲ್ಲಿ ಬಿದ್ದಿದ್ದವು, ನಾಯಿ ತಿಂದು ಬಿಟ್ಟದ್ದು ಕೆಲವು. ಮಕ್ಕಳು ಬದುಕಿದ್ದ ಏಳೆಂಟನ್ನು ಶಾಲೆಯ ಜಗುಲಿಯ ಮೇಲೆ ಗೋಣಿಚೀಲ ಹಾಸಿ ಮಲಗಿಸಿದ್ದರು. ಮೇಷ್ಟ್ರು ಕೆರೆಯಿಂದ ಮೀನು ಮರಿ ತರಿಸಿ ಬಾಯಿಗಿಡುತ್ತಿದ್ದರು. ಸೋಮವಾರದೊಳಗೆ ಒಂದೂ ಉಳಿಯಲಿಲ್ಲ.

ನಾನು ನೇರ ಆಲೆಮನೆಗೆ ಹೋದೆ. ಒಲೆಯ ಬಾಯಲ್ಲಿ ಹಸಿ ಹುಣಸೆ ತುಂಡುಗಳು ಹೊಗೆ ಕಾರುತ್ತ ಉರಿಯುತ್ತಿದ್ದವು.

"ಬನ್ನಿ ಮೇಡಮ್ಮೋರೆ. ಲೇ, ಕುರ್ಚಿ ಆಕ್ಲಾ," ಎಂದ ಯಜಮಾನ.

"ಗೂಡಲ್ಲಿ ಮರಿ ಇದ್ದವು ಯಜಮಾನ್ರೆ," ಎಂದೆ.

"ಇರ್ತವೆ. ಮರ ಅಂದ್ಮೇಲೆ ಅಕ್ಕಿ ಪಕ್ಷಿ ಇರಾಕಿಲ್ವಾ? ಮಳೆ ಇಡ್ಕಂಡೈತೆ, ಸಿಪ್ಪೆ ಒಣಗ್ನಿಲ್ಲ. ಕೊಪ್ಪರಿಗೆಗೆ ಉಯ್ದಿದ್ ಕಬ್ಬಿನಾಲ ಚೆಲ್ಬುಡಾಕಾಯ್ತದಾ? ನೀವೇ ಸಸಿ ತಂದ್ಕೊಡ್ತೀರಲ್ಲ, ಮೂರಲ್ಲ, ಮೂವತ್ ನೆಟ್ರಾಯ್ತು ಬುಡಿ."

ಆಮೇಲೆ ಅಚ್ಚಿನಿಂದ ಆಗತಾನೆ ತೆಗೆದ ಬೆಲ್ಲವನ್ನು ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟ. "ಆಲೆಮನೆ ಬಾಗ್ಲಿಗೆ ಬಂದೋರು ಬರಿಗೈಲಿ ಓಗ್ಬಾರ್ದು. ಬಾಯ್ ಸೀ ಮಾಡ್ಕಳಿ," ಎಂದು ನಕ್ಕ.

ನಮ್ಮ ಸೀಮೆಯಲ್ಲಿ ಆಲೆಮನೆಗೆ ಬಂದವರಿಗೆ ಬೆಲ್ಲ ಕೊಡದೆ ಕಳಿಸುವುದಿಲ್ಲ. ಕೊಟ್ಟದ್ದನ್ನು ಯಾರೂ ಬೇಡ ಅನ್ನುವುದೂ ಇಲ್ಲ. ಬೇಡ ಅಂದರೆ ಕೊಟ್ಟವನ ಮುಖಕ್ಕೆ ಉಗಿದ ಹಾಗೆ. ಹುಟ್ಟಿದಂದಿನಿಂದ ಬಂದ ಅಭ್ಯಾಸ, ನನ್ನ ಕೈ ತಾನಾಗಿ ಮುಂದೆ ಹೋಯಿತು. ಆ ಮರ ಸುಟ್ಟು ಕಾಯಿಸಿದ ಬೆಲ್ಲವನ್ನು ನಾನು ಎರಡೂ ಕೈಯಲ್ಲಿ ಇಸಿದುಕೊಂಡೆ. ಮನೆಯಲ್ಲಿ ಅಮ್ಮ ಅದರಲ್ಲಿ ಪಾಯಸ ಮಾಡಿದಳು. ನಾನೂ ತಿಂದೆ. ಚೆನ್ನಾಗಿತ್ತು. ಅದಕ್ಕೇ ಸಿಟ್ಟು ಇನ್ನೂ ಏರಿತು.

ಅಂದೇ ನಿಶ್ಚಯ ಮಾಡಿದೆ, ಇವನಿಗೆ ಮಾಡುತ್ತೇನೆ ಎಂದು. ದೂರು ಬರೆದರೆ ಕಾಗದ ಅವನ ಕಿಸೆಗೇ ಬಂದು ಬೀಳುತ್ತದೆ ಎಂದು ಗೊತ್ತಿತ್ತು. ಆದರೆ ಪ್ರತಿ ಆಗಸ್ಟ್ ಹದಿನೈದಕ್ಕೆ ಯಜಮಾನ ಶಾಲೆಗೆ ಬುಟ್ಟಿ ತುಂಬ ಅಚ್ಚುಬೆಲ್ಲ, ಹುರಿಗಡಲೆ ತರಿಸಿ, ಬಾವುಟ ಏರಿದ ಮೇಲೆ ಮಕ್ಕಳಿಗೆ ತನ್ನ ಕೈಯಾರೆ ಹಂಚುತ್ತಿದ್ದ. ಅವರಪ್ಪನ ಕಾಲದಿಂದ ಬಂದ ಪದ್ಧತಿ. ಊರಿಗೆ ಊರೇ ಸೇರುತ್ತಿತ್ತು.

ಮೇಷ್ಟ್ರಿಗೆ ನನ್ನ ಮುಖ ನೋಡಿಯೇ ವಾಸನೆ ಹತ್ತಿತು. ಸೈಕಲ್ಲು ಹಿಡಿದುಕೊಂಡು ಬಸ್ಸಿನ ತನಕ ನನ್ನ ಜೊತೆ ನಡೆದು ಬಂದರು.

"ಮೇಡಮ್ಮೋರೆ, ನೀವು ಸಂಜೆ ಬಸ್ಸತ್ತಿ ಪಟ್ಟಣಕ್ಕೆ ಒಂಟೋಗ್ತೀರಿ. ನಾನು ಇಲ್ಲೇ ಬಾಳ್ಬೇಕು. ನನ್ನನ್ನೆಲ್ಲಾದ್ರೂ ದೂರ ಆಕ್ಬುಟ್ರೆ ಅವಳಿಗೆ ಒಂದ್ ತೊಟ್ಟು ನೀರು ಕುಡ್ಸೋರು ಯಾರವ್ರೆ? ಮಕ್ಕಳ್ನ ಇದ್ಕೆ ಎಳೀಬ್ಯಾಡಿ."

"ಆಗಲಿ ಮೇಷ್ಟ್ರೆ," ಎಂದೆ. ಅವರ ಕಣ್ಣು ನೋಡಿಯೇ ಅಂದೆ. ಮುಂದಿನ ಶನಿವಾರ ಮೇಷ್ಟ್ರು ಬೆಳಗಿನ ಶಾಲೆ ಮುಗಿಸಿ ಮನೆಗೆ ಹೋದ ಮೇಲೆ ಮಕ್ಕಳನ್ನು ಆ ಮೋಟುಗಳ ಹತ್ತಿರ ಕೂರಿಸಿಕೊಂಡು, ಏನು ಮಾಡಬೇಕು, ಏನು ಹೇಳಬೇಕು ಎಂದು ಒಂದೊಂದು ಮಾತೂ ಹೇಳಿಕೊಟ್ಟೆ. ಪಾಠ ಹೇಳಿಕೊಡುವುದರಲ್ಲಿ ನಾನು ಗಟ್ಟಿಗಿತ್ತಿ. ಅವರೂ ಒಂದೇ ಸಲಕ್ಕೆ ಕಲಿತರು.

ಹದಿನೈದರಂದು ಯಜಮಾನ ಬಿಳಿ ಪಂಚೆ ಉಟ್ಟು, ನಾನು ಹೊದಿಸಿದ್ದ ಶಾಲನ್ನೇ ಹೆಗಲ ಮೇಲೆ ಹಾಕಿಕೊಂಡು ಬಂದಿದ್ದ. ಸಾಲಿನಲ್ಲಿ ಮೊದಲು ನಿಂತವಳು ಐದನೇ ಕ್ಲಾಸಿನ ಒಂದು ಹುಡುಗಿ. ಅವನು ಬೆಲ್ಲ ನೀಡಿದ. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ತಕಳವ್ವಾ."

"ಬ್ಯಾಡ."

"ಯಾಕವ್ವಾ?"

"ಬೆಳ್ಳಕ್ಕಿ ಮರ ಸುಟ್ಟಿರೋ ಬೆಲ್ಲ ನಮಗ್ ಬ್ಯಾಡ."

ಎರಡನೆಯವನು ಕೈ ಕಟ್ಟಿದ. ಮೂರನೆಯವಳು ಕಟ್ಟಿದಳು. ಆಮೇಲೆ ಇಡೀ ಸಾಲು. ಒಂದನೇ ಕ್ಲಾಸಿನ ಒಂದು ಪುಟಾಣಿ ಮಾತ್ರ ಬೆಲ್ಲವನ್ನೇ ನೋಡುತ್ತ ಎಂಜಲು ನುಂಗಿತು, ಕೈ ಬಿಡಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಒಬ್ಬ ಅಜ್ಜಿ, "ಬೆಲ್ಲ ಬ್ಯಾಡ ಅಂದ್ವಲ್ಲ ಮಕ್ಳು, ಅಲ್ಲಿಗೆ ಆಗೋಯ್ತು ಅವನ ಗತ್ತು," ಎಂದು ಎಲ್ಲರಿಗೂ ಕೇಳುವ ಹಾಗೆ ಅಂದಳು. ಯಾರೋ ನಕ್ಕರು. ಯಜಮಾನನ ಕೈಯಲ್ಲಿ ಬೆಲ್ಲ ಹಾಗೇ ಇತ್ತು. ಬುಟ್ಟಿ ಹೊತ್ತು ತಂದಿದ್ದ ಆಳು ನಗು ತಡೆಯಲಾರದೆ ಆಚೆ ತಿರುಗಿಕೊಂಡಿದ್ದ. ಕೊನೆಗೆ ಯಜಮಾನನೇ ಬಗ್ಗಿ ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡು ಗೇಟು ದಾಟಿದ. ನಾನು ಅವನ ಬೆನ್ನು ಮರೆಯಾಗುವ ತನಕ ನೋಡಿದೆ. ಅಂಥ ಸಂತೋಷ ನನಗೆ ಆಮೇಲೆ ಯಾವ ಒಳ್ಳೆಯ ಕೆಲಸದಿಂದಲೂ ಸಿಕ್ಕಿಲ್ಲ. ಸುಳ್ಳು ಯಾಕೆ ಹೇಳಲಿ.

ಮೇಷ್ಟ್ರು ಬಾವುಟದ ಕಂಬದ ಹತ್ತಿರ ನಿಂತಿದ್ದರು. ನನ್ನ ಕಡೆ ನೋಡಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನನ್ನನ್ನು ಅವನು ಏನೂ ಮಾಡುವ ಹಾಗಿರಲಿಲ್ಲ. ತಿಂಗಳು ತುಂಬುವುದರೊಳಗೆ ಮೇಷ್ಟ್ರಿಗೆ ವರ್ಗದ ಆರ್ಡರು ಬಂತು, ನಾಗಮಂಗಲ ತಾಲೂಕಿನ ಆಚೆ ಗಡಿಗೆ, ದಿನಕ್ಕೆ ಎರಡೇ ಬಸ್ಸು ಹೋಗುವ ಊರಿಗೆ. "ಸಿಟ್ಟಲ್ಲಿ ಕೊಯ್ದ ಮೂಗು ಸಿಟ್ಟಿಳಿದ ಮೇಲೆ ಬರುತ್ತದೇನೇ?" ಎಂದಳು ಅಮ್ಮ. ಅವತ್ತೇ ಹೊರಟೆ, ಮತ್ತೆ ಆ ಆಲೆಮನೆಗೆ. ಕೈ ಮುಗಿದೆ. ನನಗೆ ಏನು ಬೇಕಾದರೂ ಅನ್ನಿ, ಮೇಷ್ಟ್ರಿಗೆ ಏನೂ ಗೊತ್ತಿರಲಿಲ್ಲ, ಅವರ ಮನೆಯ ಸ್ಥಿತಿ ನಿಮಗೇ ಗೊತ್ತು ಎಂದೆ. ಒಲೆಗೆ ಉರುವಲು ಹಾಕುವವರು, ಗಾಡಿ ಹೊಡೆಯುವವರು ಎಲ್ಲ ನೋಡುತ್ತಿದ್ದರು.

ಯಜಮಾನ ಈ ಸಲ ನಗಲಿಲ್ಲ. ಕೂಗಲೂ ಇಲ್ಲ. ಬೆಲ್ಲವನ್ನೂ ಕೊಡಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದ.

"ಮೇಷ್ಟ್ರು ಮ್ಯಾಲೆ ನನಗ್ಯಾವ ಅಗೆತನ? ಒಂದೇ ಒಂದ್ ಮಾತು. ಸ್ವಾಮಾರ ಪ್ರೇಯರ್ ಒತ್ಗೆ ಬನ್ನಿ. ಮಕ್ಳ ಮುಂದೆ 'ನಾನು ಏಳ್ಕೊಟ್ಟಿದ್ದು ತಪ್ಪು' ಅನ್ನಿ. ನಾನೂ ಬತ್ತೀನಿ. ಅನ್ನಿ ಸಾಕು, ವಾರದಲ್ಲಿ ಆರ್ಡರ್ ವಾಪಸ್ ಮಾಡ್ಸ್ತೀನಿ."

ಅವನು ಮಾತು ತಪ್ಪುವವನಲ್ಲ. ಅದೊಂದು ಗುಣ ಅವನಿಗಿತ್ತು. ಒಂದು ನಿಮಿಷದ ಕೆಲಸ.

ಎರಡು ದಿನ ನನಗೆ ನಾನೇ ಉಪದೇಶ ಮಾಡಿಕೊಂಡೆ. ನಾನು ತಪ್ಪಾಯಿತು ಅಂದರೆ ಮಕ್ಕಳು ಮರ ಕಡಿಯುವುದೇ ಸರಿ ಅಂದುಕೊಳ್ಳುತ್ತಾರೆ, ಎರಡು ವರ್ಷ ಕಲಿಸಿದ್ದು ಮಣ್ಣುಪಾಲಾಗುತ್ತದೆ, ಇತ್ಯಾದಿ. ಎಲ್ಲ ಬೂಟಾಟಿಕೆ. ನಿಜ ಇಷ್ಟೇ: ಅವನು ಶಾಲು ಹೊದ್ದು ನಿಂತು ಕೇಳಿಸಿಕೊಳ್ಳುವಾಗ ಆ ಮಾತು ನನ್ನ ಬಾಯಿಂದ ಬರುವುದಿಲ್ಲ. ಬೇರೆಯವರ ಹೆಂಡತಿ ನೀರಿಲ್ಲದೆ ಮಲಗಿದ್ದರೂ ಬರುವುದಿಲ್ಲ. ಸೋಮವಾರ ಬೆಳಿಗ್ಗೆ ಚೀಲ ಹಿಡಿದು ಬಸ್ ನಿಲ್ದಾಣಕ್ಕೆ ಹೋದೆ. ಪಾಂಡವಪುರದ ಬಸ್ಸು ಬಂದು ನಿಂತು ಹೋಯಿತು. ನಾನು ಕೆ.ಆರ್. ಪೇಟೆ ಬಸ್ಸು ಹತ್ತಿ, ಶೀಳನೆರೆಯ ಶಾಲೆಯಲ್ಲಿ ಇಡೀ ದಿನ ಹಕ್ಕಿಗಳ ಸ್ಲೈಡು ತೋರಿಸಿದೆ. ಕರೆಂಟೂ ಇತ್ತು.

ದೀಪಾವಳಿಯ ಹೊತ್ತಿಗೆ ಮೇಷ್ಟ್ರಿಂದ ಒಂದು ಕಾರ್ಡು ಬಂತು. ದುಂಡಗಿನ ಅಕ್ಷರ. ಹೆಂಡತಿಯನ್ನು ನಾದಿನಿಯ ಮನೆಯಲ್ಲಿ ಬಿಟ್ಟಿದ್ದಾರಂತೆ, ಶನಿವಾರ ಬಂದು ನೋಡಿಕೊಂಡು ಸೋಮವಾರ ಮುಂಜಾನೆ ಹೊರಡುತ್ತಾರಂತೆ. ಬೆನ್ನಿನಲ್ಲಿ ಹುಣ್ಣಾಗಿದೆಯಂತೆ ಆಕೆಗೆ. ಆಮೇಲೆ ಹೀಗೆ ಬರೆದಿದ್ದರು: ನನ್ನ ಸಲುವಾಗಿ ತಾವು ಆಲೆಮನೆಗೆ ಹೋಗಿ, ಆಳುಕಾಳುಗಳ ಮುಂದೆ ಕೈ ಮುಗಿದು ಬೇಡಿಕೊಂಡಿರೆಂದು ಕೇಳಿದೆ. ಸ್ವಂತ ಅಣ್ಣತಮ್ಮಂದಿರು ಇಷ್ಟು ಮಾಡುವುದಿಲ್ಲ. ನನ್ನ ಹೆಂಡತಿ ದಿನಾ ತಮ್ಮನ್ನು ನೆನೆಯುತ್ತಾಳೆ. ಇಲ್ಲಿಯ ಮಕ್ಕಳೂ ಒಳ್ಳೆಯವರು, ಒಂದು ಸಲ ಬಂದು ಇವರಿಗೂ ಹಕ್ಕಿ ತೋರಿಸಿ.

ಉತ್ತರ ಬರೆಯಲಿಲ್ಲ. ಆ ಸಂಸ್ಥೆಯಲ್ಲಿ ಇನ್ನೂ ನಾಲ್ಕು ವರ್ಷ ಇದ್ದೆ. ನಾಗಮಂಗಲ ತಾಲೂಕಿನ ಆ ಗಡಿಯ ಶಾಲೆಗಳನ್ನೆಲ್ಲ ಸುತ್ತಿದೆ, ಅದೊಂದನ್ನು ಬಿಟ್ಟು.