ಹಿಟ್ಟು ಬಾರದ ಒಲೆ

ಆ ದಿನ ಪಡಸಾಲೆಯಲ್ಲಿ ನಾವು ನಾಲ್ವರಿದ್ದೆವು: ಅಕ್ಕಿ ಆರಿಸುತ್ತಿದ್ದ ಅತ್ತೆ, ನಾನು, ಗೋಡೆಗೆ ಒರಗಿ ಕೂತಿದ್ದ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಮತ್ತು ಜೋಳದ ಹಿಟ್ಟಿನ ಬುಟ್ಟಿ ಹೊತ್ತು ಬಂದ ಮದುವೆಮನೆಯ ದೊಡ್ಡವ್ವ. ನಮ್ಮ ಹಳ್ಳಿ ಇಂದೂರಿನ ಓಣಿಯಲ್ಲಿ ಮದುವೆ ಗೊತ್ತಾದರೆ ಒಂದೊಂದು ಒಲೆಗೂ ಹಿಟ್ಟು ಬರುತ್ತದೆ. ಒಣರೊಟ್ಟಿ ಬಡಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಮದುವೆಮನೆಗೆ ಮುಟ್ಟಿಸಬೇಕು. ಹಿಟ್ಟು ಬಂತೆಂದರೆ ನೀವು ಓಣಿಯವರು. ನಮ್ಮದು ಸೂರು ಒಂದೇ, ಒಲೆ ಎರಡು, ಪಾಲೂ ಎರಡು.

ನೆಗೆಣ್ಣಿಗೆ ಕೀಲುಕೀಲಿಗೂ ನೋವು. ಬಾವಿಲ್ಲ, ಜ್ವರವಿಲ್ಲ, ನೋಡಿದರೆ ಏನೂ ಕಾಣದು. ಇದು ಹೋಗುವ ಬೇನೆಯಲ್ಲ, ಗುಳಿಗೆ ನುಂಗುತ್ತ ಇದರ ಜೊತೆಗೇ ಬಾಳಬೇಕು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದ್ದರು.

"ಏನ ತಂಗಿ, ಮದಲಗಿತ್ತಿಗಿಂತ ನೀನ ಲಕಲಕ ಅಂತೀಯಲ್ಲ! ಬ್ಯಾನಿ ಎಲ್ಲೈತಿ, ತೋರ್ಸು ನೋಡೂಣು" ಎಂದು ದೊಡ್ಡವ್ವ ನಕ್ಕಳು.

"ತೋರ್ಸಾಕ ಬರೂವಂಗಿದ್ರ ನಿಮ್ಮ ಬುಟ್ಟ್ಯಾಗ ಹಾಕಿ ಕಳಸ್ತಿದ್ನಿ ಬಿಡ್ರಿ" ಎಂದು ನೆಗೆಣ್ಣಿಯೂ ನಕ್ಕು ಹಿಟ್ಟು ತೆಗೆದುಕೊಂಡಳು.

ಮರುದಿನ ಗೋಡೆಯಾಚೆ ಆಕೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಸಪ್ಪಳ ನಿಧಾನವಾಯಿತು, ಆಮೇಲೆ ನಿಂತೇಹೋಯಿತು. ಹೋಗಿ ನೋಡಿದರೆ ಅರ್ಧ ಬಡಿದ ರೊಟ್ಟಿಯ ಮುಂದೆ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು.

"ಏಳು, ನಾ ಬಡೀತೇನಿ."

"ನೀ ಬಡದ್ರ ಅವು ನಿನ್ನ ರೊಟ್ಟಿ ಆಗ್ತಾವಕ್ಕಾ."

ಏನಾದರೂ ಹೇಳಬೇಕಿತ್ತು. ಹಾಸಿಗೆ ಹಿಡಿದವರ ಹತ್ತಿರ ಆಡುವ ಮಾತನ್ನು ನನಗೆ ಅಜ್ಜಿ ಕಲಿಸಿದ್ದಳು: 'ನಾಕ ದಿನದಾಗ ಆರಾಮ ಆಗತೈತಿ, ಹೆದರಬ್ಯಾಡ.' ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಆರಾಮಾಗದ ಬೇನೆಗೆ ಏನನ್ನಬೇಕೆಂದು ಅಜ್ಜಿ ಹೇಳಿರಲಿಲ್ಲ. ಮನಸು ಗಟ್ಟಿ ಮಾಡು ಎನ್ನೋಣವೆಂದರೆ ಅದನ್ನು ಓಣಿಯವರೆಲ್ಲ ಆಗಲೇ ಅಂದು ಮುಗಿಸಿದ್ದರು.

"ಚಾ ಮಾಡ್ಲಿ?" ಎಂದೆ.

"ಮಾಡು. ಅಕ್ಕಾ, ನನಗ ನೋವೈತಿ ಅಂದ್ರ ನೀ ನಂಬ್ತೀಯಿಲ್ಲೋ?"

"ನಂಬ್ತೇನಿ."

"ಉಳದವ್ರೂ ನಂಬಿದ್ರ ಸಾಕಿತ್ತು ನೋಡು."

ಹೊಸ್ತಿಲಲ್ಲಿ ನಿಂತ ಅತ್ತೆ ಇದನ್ನು ಕೇಳಿಸಿಕೊಂಡಿದ್ದಳು. ನಿಂತು ನಿಂತು, ಸುಧಾರಿಸಿಕೊಂಡು ನೆಗೆಣ್ಣಿ ತನ್ನ ಪಾಲು ಮುಗಿಸಿದಳು. ಗಂಟು ಮುಟ್ಟಿಸಲು ಹೋದ ಅತ್ತೆ ದೊಡ್ಡವ್ವನ ಮುಂದೆ, "ನಮ್ಮ ಸಣ್ಣ ಸೊಸೀದು ಸೋಗಲ್ಲ ಯವ್ವಾ. ಅತ್ಕೋತ ಬಡದಾಳ, ಖರೇನ ಬ್ಯಾನಿ ಐತಿ" ಎಂದು ಹೇಳಿಬಂದಳು. ಓಣಿ ನಂಬಿತು. ಚೇಷ್ಟೆ ನಿಂತಿತು. ನೆಗೆಣ್ಣಿ ನೀರಿಗೆ ಹೋದಲ್ಲಿ ಹೆಂಗಸರು ಬದಿಗೆ ಸರಿದು ದಾರಿ ಬಿಡತೊಡಗಿದರು.

ಸ್ವಲ್ಪ ದಿನಕ್ಕೆ ದೊಡ್ಡವ್ವನ ತಂಗಿಯ ಮನೆಯಲ್ಲೂ ಮದುವೆ ಗೊತ್ತಾಯಿತು. ಅಂದು ನೆಗೆಣ್ಣಿಯ ಕೈನೋವು ಕೊಂಚ ಹಗುರಾಗಿತ್ತು. ಬೆಳಿಗ್ಗೆಯೇ ರೊಟ್ಟಿ ಬೇಯಿಸುವ ಹಂಚು ತೊಳೆದಿಟ್ಟು ಕಾಯುತ್ತಿದ್ದಳು. ದೊಡ್ಡವ್ವ ಬಂದು ನನ್ನ ಪಾಲು ಅಳೆದು ಹಾಕಿ ಬುಟ್ಟಿ ಎತ್ತಿದಳು.

"ಆಕೀದು?" ಎಂದೆ.

"ಪಾಪ, ಆಕಿಗ್ಯಾಕ ತ್ರಾಸು? ಆಕೀ ಪಾಲು ನಾನ ಬಡೀತೇನಿ ಬಿಡು" ಎಂದು ನೆಗೆಣ್ಣಿಯ ತಲೆ ಸವರಿದಳು. ಆ ಕೈಯಲ್ಲಿ ನಿಜವಾದ ಅಂತಃಕರಣವಿತ್ತು. ನಾನು ಅತ್ತೆಯ ಮುಖ ನೋಡಿದೆ, ಅತ್ತೆ ನೆಲ ನೋಡಿದಳು.

"ಚೊಲೋ ಆತ್ರಿ" ಎಂದು ನೆಗೆಣ್ಣಿ ಹಂಚನ್ನು ಒರೆಸಿ ಗೋಡೆಗೆ ಆನಿಸಿಟ್ಟಳು.

ದೊಡ್ಡವ್ವ ಹೋದಮೇಲೆ ನನ್ನ ಹಿಟ್ಟಿನಲ್ಲಿ ಅರ್ಧ ತೆಗೆದು ಆಕೆಯ ಹಿಟ್ಟು ನಾದುವ ಪರಾತದಲ್ಲಿ ಹಾಕಿ ಬಂದೆ. ಸಂಜೆ ನೋಡಿದರೆ ಅದರ ಮೇಲೊಂದು ತಾಟು ಮುಚ್ಚಿತ್ತು. ಹಿಟ್ಟು ಹಾಕಿದ ಹಾಗೇ ಇತ್ತು.